ಬಸ್ಸಿನ ಕಂಬಿ, ಮನೆಯ ಔಷಧದ ಡಬ್ಬಿ

ಮೊನ್ನೆ ಸಂಜೆ ತುಂಬಿದ ಬಸ್ಸಿನಲ್ಲಿ ಒಂದೇ ಕಂಬಿಯನ್ನು ನಾವು ಐದು ಜನ ಹಿಡಿದು ನಿಂತಿದ್ದೆವು. ಕೈ ತಾಗುವ ಎತ್ತರದಲ್ಲಿ ಮಾತ್ರ ಅದರ ಬಣ್ಣ ಸವೆದು ಒಳಗಿನ ಲೋಹ ಹೊಳೆಯುತ್ತಿತ್ತು. ಪಕ್ಕದಲ್ಲಿದ್ದ ಹಿರಿಯರೊಬ್ಬರ ಮುಂಗೈ ಮೇಲೆ, ಸೂಜಿ ತೆಗೆದ ಜಾಗಕ್ಕೆ ಅಂಟಿಸಿದ ಹತ್ತಿ ಇನ್ನೂ ಹಾಗೆಯೇ ಇತ್ತು. ಆಸ್ಪತ್ರೆಯಿಂದ ನೇರವಾಗಿ ಮನೆಗೆ ಹೊರಟವರಂತೆ ಕಂಡರು. ಬಸ್ಸು, ರೈಲುಗಳ ಹಿಡಿಕೆಗಳ ಮೇಲೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿವೆ ಎಂಬ ಸುದ್ದಿಯನ್ನು ಅದೇ ವಾರ ಪರಿಚಿತರು ಹಲವರು ಹೇಳಿದ್ದರು. ಗ್ಲೌಸ್ ಇಲ್ಲದೆ ಇನ್ನು ಹೊರಗೆ ಹೋಗುವಂತಿಲ್ಲ ಎಂಬುದು ಅವರ ಆತಂಕ. ಆ ಆತಂಕ ನನಗೆ ಅರ್ಥವಾಗುತ್ತದೆ, ಆದರೆ ಅದು ಸಲ್ಲಬೇಕಾದ ಕಡೆ ಸಲ್ಲುತ್ತಿಲ್ಲ ಎಂದು ಬಲವಾಗಿ ಅನಿಸುತ್ತದೆ.

ಕಂಬಿಯ ಮೇಲಿರುವುದರಲ್ಲಿ ಬಹುಪಾಲು ನಮ್ಮದೇ ಚರ್ಮದಿಂದ ಬಂದದ್ದು. ಸ್ಟೆಫೈಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಸುಮಾರು ಹತ್ತರಲ್ಲಿ ಮೂರು ಜನರ ಮೂಗಿನೊಳಗೆ ಯಾವ ತೊಂದರೆಯನ್ನೂ ಕೊಡದೆ ನೆಲೆಸಿರುತ್ತದೆ. ಮೂಗಿನಿಂದ ಬೆರಳಿಗೆ, ಬೆರಳಿನಿಂದ ಹಿಡಿಕೆಗೆ ಸಾಗಿ, ಒಣ ಮೇಲ್ಮೈಯಲ್ಲಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬದುಕಬಲ್ಲದು. 2021ರಲ್ಲಿ ಪ್ರಕಟವಾದ ಮೆಟಾಸಬ್ ಎಂಬ ಅಂತರರಾಷ್ಟ್ರೀಯ ಅಧ್ಯಯನಕ್ಕಾಗಿ 60 ನಗರಗಳಲ್ಲಿ, ಮುಖ್ಯವಾಗಿ ಸಾರಿಗೆ ವ್ಯವಸ್ಥೆಯ ಜಾಗಗಳಿಂದ, 4,728 ಮಾದರಿಗಳನ್ನು ಸಂಗ್ರಹಿಸಲಾಯಿತು. ಅವುಗಳಲ್ಲಿ ಔಷಧ ನಿರೋಧಕ ಜೀನ್‌ಗಳು, ಅಂದರೆ ಔಷಧಕ್ಕೆ ಬಗ್ಗದ ಗುಣ ಕೊಡುವ ಜೀನ್‌ಗಳು, ಸಿಕ್ಕವು, ಪ್ರಮಾಣ ಮಾತ್ರ ಊರಿನಿಂದ ಊರಿಗೆ ಬೇರೆಯಾಗಿತ್ತು. ಇಲ್ಲಿ ಒಂದು ಎಚ್ಚರಿಕೆ ಬೇಕು: ಹೀಗೆ ಸಿಗುವ ಡಿಎನ್‌ಎ ಸತ್ತ ಬ್ಯಾಕ್ಟೀರಿಯಾದ್ದೂ ಆಗಿರಬಹುದು, ಮತ್ತು ಬದುಕಿರುವುದು ಕೈಗೆ ತಾಗಿದ ಮಾತ್ರಕ್ಕೆ ರೋಗ ಬರುವುದಿಲ್ಲ. ಗಾಯವಿಲ್ಲದ ಆರೋಗ್ಯವಂತ ಚರ್ಮ ಬಹಳ ಗಟ್ಟಿಯಾದ ಗೋಡೆ.

ಹಾಗಾದರೆ ಚಿಂತಿಸಬೇಕಾದದ್ದು ಏನೂ ಇಲ್ಲವೇ ಎಂದು ಕೇಳಿದರೆ, ಖಂಡಿತ ಇದೆ. ಪೆನಿಸಿಲಿನ್ ಜಾತಿಯ ಔಷಧಗಳು ಬ್ಯಾಕ್ಟೀರಿಯಾ ತನ್ನ ಹೊರಗೋಡೆ ಕಟ್ಟಲು ಬಳಸುವ ಪ್ರೋಟೀನಿಗೆ ಅಂಟಿಕೊಂಡು ಆ ಕೆಲಸವನ್ನೇ ನಿಲ್ಲಿಸುತ್ತವೆ. ಔಷಧ ಸುಲಭವಾಗಿ ಅಂಟದಂತಹ ಬೇರೊಂದು ಪ್ರೋಟೀನನ್ನು ತಯಾರಿಸುವ ಜೀನ್ ದಕ್ಕಿದ ಬ್ಯಾಕ್ಟೀರಿಯಾ ಔಷಧದ ನಡುವೆಯೂ ಗೋಡೆ ಕಟ್ಟುತ್ತಲೇ ಇರುತ್ತದೆ. ಎಂಆರ್‌ಎಸ್‌ಎ, ಅಂದರೆ ಮೆಥಿಸಿಲಿನ್‌ಗೆ ಮಣಿಯದ ಸ್ಟೆಫೈಲೊಕಾಕಸ್ ಆರಿಯಸ್, ಎಂದು ವೈದ್ಯರು ಕರೆಯುವುದು ಇಂಥದ್ದನ್ನೇ. ಪೆನಿಸಿಲಿನ್ ಜಾತಿಯದೇ ಔಷಧವಾದ ಮೆಥಿಸಿಲಿನ್ ಬಳಕೆಗೆ ಬಂದದ್ದು 1959ರಲ್ಲಿ, ಅದಕ್ಕೆ ಮಣಿಯದ ತಳಿ ಬ್ರಿಟನ್ನಿನಲ್ಲಿ ವರದಿಯಾದದ್ದು 1961ರಲ್ಲಿ. ಬರೀ ಎರಡು ವರ್ಷ! ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವ ಸಂಗತಿಯೆಂದರೆ, ಇಂತಹ ಜೀನ್‌ಗಳು ತಾಯಿ ಕೋಶದಿಂದ ಮರಿ ಕೋಶಕ್ಕೆ ಮಾತ್ರವಲ್ಲ, ಒಂದು ಜಾತಿಯ ಬ್ಯಾಕ್ಟೀರಿಯಾದಿಂದ ಇನ್ನೊಂದು ಜಾತಿಗೂ ದಾಟಬಲ್ಲವು. ನಮ್ಮ ಅಂಗೈ ಮೇಲಿರುವ ನಿರುಪದ್ರವಿಯೂ ಆ ಜೀನನ್ನು ಹೊತ್ತು, ಮುಂದೊಂದು ದಿನ ಅಪಾಯಕಾರಿಯಾದ ಇನ್ನೊಂದಕ್ಕೆ ಒಪ್ಪಿಸಬಹುದು. ಹಿಡಿಕೆಗಳನ್ನು ಪರೀಕ್ಷಿಸುವುದರ ಬೆಲೆ ಇರುವುದು ಇಲ್ಲಿ. ಊರಿನ ಜನ ಯಾವ ಔಷಧವನ್ನು ಎಷ್ಟು ನುಂಗಿದ್ದಾರೆ ಎಂಬುದರ ಗುರುತು ಅಲ್ಲಿ ಸ್ವಲ್ಪವಾದರೂ ಉಳಿದಿರಬಹುದು.

ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಉಪನ್ಯಾಸದಲ್ಲೇ, ಔಷಧವನ್ನು ಅರೆಬರೆ ತೆಗೆದುಕೊಂಡರೆ ಸೂಕ್ಷ್ಮಜೀವಿಗಳು ಅದಕ್ಕೆ ಒಗ್ಗಿಹೋಗುತ್ತವೆ ಎಂದು ಎಚ್ಚರಿಸಿದ್ದರು. ನನ್ನ ಮನೆಯ ಔಷಧದ ಡಬ್ಬಿಯಲ್ಲಿ ಕಳೆದ ವರ್ಷದವರೆಗೂ ಆ್ಯಂಟಿಬಯಾಟಿಕ್ ಮಾತ್ರೆಗಳ ಅರ್ಧ ಪಟ್ಟಿಯೊಂದು ಇತ್ತು. ಜ್ವರ ಇಳಿಯಿತೆಂದು ವೈದ್ಯರನ್ನು ಕೇಳದೆ ನಿಲ್ಲಿಸಿ ಎತ್ತಿಟ್ಟದ್ದು. ನಾಲ್ಕು ತಿಂಗಳ ನಂತರ ಬರೀ ನೆಗಡಿಗೆ ಅದರಲ್ಲೇ ಎರಡು ಮಾತ್ರೆ ನುಂಗಿದೆ, ಇನ್ನೆರಡನ್ನು ಗಂಟಲು ನೋವೆಂದ ಗೆಳೆಯರಿಗೆ ಕೊಟ್ಟೆ. ನೆಗಡಿ ವೈರಸ್ಸಿನಿಂದ ಬರುವುದು, ಅದಕ್ಕೆ ಆ ಔಷಧ ತಾಗುವುದೇ ಇಲ್ಲ. ಸತ್ತದ್ದು ನನ್ನ ಮೈಯಲ್ಲಿದ್ದ ಔಷಧಕ್ಕೆ ಬಗ್ಗುವ ಬ್ಯಾಕ್ಟೀರಿಯಾಗಳು, ಉಳಿದು ಬೆಳೆದದ್ದು ಬಗ್ಗದವು. ಅದೇ ಕೈಯಲ್ಲಿ ಮರುದಿನ ಬಸ್ಸಿನ ಕಂಬಿ ಹಿಡಿದವನು ನಾನು. 2019ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಸಾವುಗಳಿಗೆ ಬ್ಯಾಕ್ಟೀರಿಯಾದ ಔಷಧ ನಿರೋಧಕತೆಯೇ ನೇರ ಕಾರಣವೆಂಬ ಅಂದಾಜನ್ನು ಓದಿದ ಮೇಲೆ ಆ ನಾಲ್ಕು ಮಾತ್ರೆಗಳು ನನಗೆ ಸಣ್ಣ ವಿಷಯವಾಗಿ ಉಳಿದಿಲ್ಲ.

ಗ್ಲೌಸಿನಿಂದ ಹೆಚ್ಚೇನೂ ಆಗದು, ಅದೇ ಗ್ಲೌಸಿನ ಕೈ ಮುಖಕ್ಕೂ ಮೊಬೈಲಿಗೂ ಹೋಗುತ್ತದೆ. ಇಳಿದ ಮೇಲೆ ಸೋಪು ಹಚ್ಚಿ ಕೈ ತೊಳೆಯುವುದು, ಗಾಯವಿದ್ದರೆ ಮುಚ್ಚಿಕೊಳ್ಳುವುದು, ಅಲ್ಲಿಯವರೆಗೆ ಕಣ್ಣು ಮೂಗು ಮುಟ್ಟಿಕೊಳ್ಳದಿರುವುದು ಸಾಕು. ಆದರೆ ಡಯಾಲಿಸಿಸ್ ಅಥವಾ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಹಸಿ ಗಾಯವಿರುವವರು, ಮುಂಗೈಗೆ ಹತ್ತಿ ಅಂಟಿಸಿಕೊಂಡ ಆ ಹಿರಿಯರು, ಇವರೆಲ್ಲ ನಮ್ಮ ಜೊತೆಯಲ್ಲೇ ಪ್ರಯಾಣ ಮಾಡುತ್ತಾರೆ, ಮತ್ತು ಅವರ ಪಾಲಿಗೆ ಚರ್ಮದ ಆ ಗೋಡೆ ಅಷ್ಟು ಗಟ್ಟಿಯಲ್ಲ. ಹಿಡಿಕೆಗಳನ್ನು ದಿನವೂ ಒರೆಸಿ ಶುಚಿಗೊಳಿಸಿ ಎಂದು ಸಾರಿಗೆ ನಡೆಸುವವರನ್ನು ಕೇಳಬೇಕಾದದ್ದು ಅವರಿಗಾಗಿ. ನಾನು ದಿನವೂ ಇಳಿಯುವ ನಿಲ್ದಾಣದಲ್ಲಿ ಕೈ ತೊಳೆಯುವ ತೊಟ್ಟಿ ಇದೆ, ನಲ್ಲಿಯಲ್ಲಿ ನೀರೂ ಬರುತ್ತದೆ, ಸೋಪು ಮಾತ್ರ ಇರುವುದಿಲ್ಲ. ಈ ವಾರ ಅದಕ್ಕಾಗಿ ಅಲ್ಲಿನ ಅಧಿಕಾರಿಗಳಿಗೆ ಅರ್ಜಿ ಬರೆದು ಕೊಟ್ಟಿದ್ದೇನೆ.