ಭುಜ ಉಳಿಯಿತು, ಕಿವಿ?

ರೈಫಲ್ ನಳಿಗೆಯ ತುದಿಗೆ ಮಝಲ್ ಬ್ರೇಕ್ (ಪಕ್ಕದಲ್ಲಿ ತೂತುಗಳಿರುವ, ತಿರುಗಿಸಿ ಕೂರಿಸುವ ತುಂಡು) ಹಾಕಿಸಿದರೆ ಭುಜಕ್ಕೆ ಒದೆತ ಕಡಿಮೆಯಾಗುತ್ತದೆ, ಬೇರೆ ತೊಂದರೆ ಏನೂ ಇಲ್ಲ ಅಂತ ಬರೆದಿದ್ದೀರಿ. ಮೊದಲ ಮಾತು ನಿಜ. ಎರಡನೆಯದು ಖಂಡಿತ ಅಲ್ಲ. ಮುಂದಕ್ಕೆ ನುಗ್ಗಬೇಕಾದ ಮದ್ದಿನ ಗ್ಯಾಸನ್ನು ಬ್ರೇಕ್ ಪಕ್ಕಕ್ಕೆ, ಸ್ವಲ್ಪ ಹಿಂದಕ್ಕೂ ತಿರುಗಿಸುತ್ತದೆ, ಒದೆತ ತಗ್ಗುವುದೇ ಅದರಿಂದ, ಆದರೆ ಅದರ ಜೊತೆಗೇ ಸದ್ದೂ ನಿಮ್ಮ ಕಿವಿಯ ಕಡೆಗೇ ಬರುತ್ತದೆ ಅಲ್ವಾ? 140 ಡೆಸಿಬೆಲ್ ದಾಟಿದ ಒಂದೇ ಸದ್ದು ಕಿವಿ ಕೆಡಿಸಬಹುದು, ಬ್ರೇಕ್ ಇಲ್ಲದ ರೈಫಲ್ಲೇ ಅದನ್ನು ಸುಲಭವಾಗಿ ದಾಟುತ್ತದೆ. ನನ್ನ .308 ರೈಫಲ್ಲಿಗೆ ಬ್ರೇಕ್ ಹಾಕಿಸಿದ ಮೇಲೆ ನಾನು ಕಿವಿಗೆ ಪ್ಲಗ್, ಅದರ ಮೇಲೆ ಮಫ್ ಎರಡೂ ಹಾಕುತ್ತೇನೆ. ಮೊದಲ ದಿನ ಶೂಟಿಂಗ್ ರೇಂಜಿನಲ್ಲಿ ಪಕ್ಕದ ಬೆಂಚಿನವರು ಏನೂ ಹೇಳಲಿಲ್ಲ, ಸುಮ್ನೆ ಚಾಪೆ ಸುತ್ತಿಕೊಂಡು ಆ ತುದಿಗೆ ಹೋದರು. ಮಲಗಿ ಹೊಡೆದರಂತೂ ಧೂಳೆದ್ದು ಸ್ಕೋಪಿನಲ್ಲಿ ಏನೂ ಕಾಣುವುದಿಲ್ಲ.

ಇನ್ನೊಂದು, ಕೈಯಲ್ಲೇ ತಿರುಗಿಸಿ ಬಿಗಿ ಮಾಡಿದರೆ ಸಾಕು ಅಂದಿದ್ದೀರಲ್ಲ, ಅದು ಅಪಾಯ. ಥ್ರೆಡ್ ಸ್ವಲ್ಪ ಓರೆಯಾದರೂ ಗುಂಡು ಬ್ರೇಕಿನ ಒಳಗೋಡೆಗೆ ತಾಗಬಹುದು. ನಳಿಗೆಗೂ ಬ್ರೇಕಿಗೂ ನಡು ಒಂದೇ ಗೆರೆಯಲ್ಲಿದೆಯಾ ಅಂತ ಗನ್‌ಸ್ಮಿತ್ ಹತ್ತಿರ ನೋಡಿಸಿ. ಹಾಕಿಸಿದ ಮೇಲೆ ಜೀರೋ, ಅಂದರೆ ಸ್ಕೋಪಿನ ಗುರಿಗೇ ಗುಂಡು ಬೀಳುತ್ತಿದೆಯಾ ಅಂತ ಮತ್ತೆ ನೋಡಲೇಬೇಕು, ನನ್ನದು 100 ಮೀಟರಿನಲ್ಲಿ ಎರಡು ಬೆರಳಿನಷ್ಟು ಕೆಳಗಿಳಿದಿತ್ತು.