ತರ್ಕದ ಚರಿತ್ರೆಯಲ್ಲಿ ನಮ್ಮ ಕಡೆಯವರೂ ಇದ್ದಾರೆ

ಭಾರತೀಯ ತರ್ಕದ ಚರಿತ್ರೆ ಕುರಿತ ನಿಮ್ಮ ಲೇಖನದಲ್ಲಿ, ನವ್ಯನ್ಯಾಯ (ನ್ಯಾಯ ಎಂಬ ತರ್ಕಶಾಸ್ತ್ರದ ಹೊಸ ಪಂಥ) ಬಿಹಾರದ ಮಿಥಿಲೆಯಲ್ಲಿ ಹುಟ್ಟಿ ಬಂಗಾಳದ ನವದ್ವೀಪದಲ್ಲಿ ಬೆಳೆಯಿತು ಎಂದು ಬರೆದಿದ್ದೀರಿ. ಸರಿಯೇ. ಆದರೆ ಲೇಖನ ಅಲ್ಲಿಗೇ ನಿಂತುಬಿಟ್ಟಿದೆ. ಉಡುಪಿಯವನಾದ ನನಗೆ ಅದು ಬೇಜಾರಾಯಿತು.

ನವ್ಯನ್ಯಾಯದ ಮೂಲ ಗ್ರಂಥವಾದ ಗಂಗೇಶನ 'ತತ್ತ್ವಚಿಂತಾಮಣಿ' 14ನೇ ಶತಮಾನದ್ದು. ಅದನ್ನು ಆಳವಾಗಿ ಓದಿ, ಅದರದೇ ಭಾಷೆಯಲ್ಲಿ ಉತ್ತರ ಕೊಟ್ಟವರು ವಿಜಯನಗರ ಕಾಲದ ಮಾಧ್ವ ಯತಿ ವ್ಯಾಸತೀರ್ಥರು. ಅವರು ಉತ್ತರ ಕೊಟ್ಟ ಗ್ರಂಥದ ಹೆಸರೇ 'ತರ್ಕತಾಂಡವ'.

ವಾದ ಏನು? ನಮಗೆ ಒಂದು ವಿಷಯ ತಿಳಿಯಿತು. ಆ ತಿಳುವಳಿಕೆ ನಿಜ ಅಂತ ಗೊತ್ತಾಗುವುದು ಹೇಗೆ? ಅದಕ್ಕೆ ಬೇರೆ ಆಧಾರ ಬೇಕು ಅನ್ನುತ್ತಾರೆ ನೈಯಾಯಿಕರು, ಅಂದರೆ ನ್ಯಾಯ ಪಂಥದವರು. ದೂರದಲ್ಲಿ ನೀರು ಕಂಡಿತು, ಹೋಗಿ ಕುಡಿದೆವು, ಬಾಯಾರಿಕೆ ತೀರಿತು. ಹಾಗಾಗಿ ಕಂಡದ್ದು ನಿಜ. ಮಧ್ವರ ಕಡೆಯವರು ಕೇಳುತ್ತಾರೆ: ಬಾಯಾರಿಕೆ ತೀರಿತು ಎಂಬ ತಿಳುವಳಿಕೆ ನಿಜ ಅನ್ನಲು ಆಧಾರ ಯಾವುದು? ಅದಕ್ಕೂ ಇನ್ನೊಂದು ಬೇಕು ಅಂದರೆ ಇದು ಮುಗಿಯುವುದೇ ಇಲ್ಲ, ಅಲ್ವಾ? ಆದ್ದರಿಂದ ನಮ್ಮೊಳಗಿನ 'ಸಾಕ್ಷಿ', ಅಂದರೆ ತಿಳುವಳಿಕೆಯನ್ನು ನೇರವಾಗಿ ಅರಿಯುವ ಆತ್ಮದ ಶಕ್ತಿಯೇ ಅದನ್ನು ತೀರ್ಮಾನಿಸುತ್ತದೆ ಎಂಬುದು ಅವರ ಉತ್ತರ. ಎಷ್ಟು ಸಲ ಓದಿದರೂ ಇದು ನನ್ನನ್ನು ಯೋಚನೆಗೆ ಹಚ್ಚುತ್ತದೆ. ಇದನ್ನು ಸುಮ್ನೆ ಮಠದ ಜಗಳ ಅಂತ ಬದಿಗಿಡಬಾರದು.

ಬೆಟ್ಟದ ಹೊಗೆ ನೋಡಿ ಬೆಂಕಿ ಇದೆ ಎಂದು ತೋರಿಸಲು ಐದು ವಾಕ್ಯ ಬೇಕೇ ಬೇಕೆಂಬ ನ್ಯಾಯ ಪಂಥದ ನಿಯಮವನ್ನೂ ಮಧ್ವರ ಕಡೆಯವರು ಒಪ್ಪಲಿಲ್ಲ.

ಹೊಸಬರಿಗೆ 'ತರ್ಕತಾಂಡವ' ಜಾಸ್ತಿ ಕಷ್ಟ. ಮಧ್ವ ಪರಂಪರೆಯವರೇ ಆದ ಜಯತೀರ್ಥರ 'ಪ್ರಮಾಣಪದ್ಧತಿ' ಚಿಕ್ಕದು, ಅಲ್ಲಿಂದ ಶುರು ಮಾಡಬಹುದು. ಲೇಖನದ ಮುಂದಿನ ಭಾಗ ಬರೆಯುವುದಾದರೆ ದಯವಿಟ್ಟು ಒಮ್ಮೆ ಉಡುಪಿಗೆ ಬನ್ನಿ. ಇಲ್ಲಿ ಇವುಗಳನ್ನು ಇಂದಿಗೂ ಪಾಠ ಹೇಳುವ ವಿದ್ವಾಂಸರಿದ್ದಾರೆ.