ಬಿಟ್ಟಿ ಹಾಡು, ಜೊತೆಗೊಂದು ಭಾಷಣ

ದೊಡ್ಡ ರಾಕ್ ಸ್ಟಾರ್ ಒಬ್ಬ ಬಂದು ಹಾಡ್ತಾನೆ, ಟಿಕೆಟ್ ಇಲ್ಲ ಅಂದ್ರೆ ಯಾರು ತಾನೆ ಬಿಡ್ತಾರೆ ಹೇಳಿ, ಬಿಟ್ಟಿ ಸಿಕ್ರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಅನ್ನೋ ಪೈಕಿ ನಾನು. ಹಾಡೋದು ಎಲೆಕ್ಷನ್ ರ‍್ಯಾಲೀಲಿ ಅನ್ನೋದು ಆಮೇಲೆ ತಲೆಗೆ ಹೋಗುತ್ತೆ. ಆ ಪಾರ್ಟಿಗೆ ಓಟ್ ಹಾಕ್ತೀವೋ ಇಲ್ವೋ ಅದು ಬೇರೆ ವಿಷ್ಯ, ಹಾಡು ಕೇಳೋಕೆ ಯಾವ ಪಾರ್ಟಿ ಆದ್ರೇನು ಅಂತ ನಮಗೆ ನಾವೇ ಸಮಾಧಾನ ಹೇಳ್ಕೊಂಡು ಹೆಸರು, ಫೋನ್ ನಂಬರು ಎಲ್ಲಾ ಕೊಟ್ಟು ಪಾಸ್ ತಗೋತೀವಿ. (ಆ ನಂಬರಿಗೆ ಆಮೇಲೆ ಬರೋ ಮೆಸೇಜ್‌ಗಳನ್ನ ನೋಡಿದ್ರೆ ಟಿಕೆಟ್ ದುಡ್ಡೇ ವಾಸಿ ಅನ್ಸುತ್ತೆ.)

ಒಳಗೆ ಹೋದ್ಮೇಲೆ ನೋಡ್ಬೇಕು ಮಜಾ. ಸ್ಟೇಜಿನ ಹಿಂದೆ ಮೆಟ್ಟಿಲು ಮೆಟ್ಟಿಲಾಗಿ ಒಂದಷ್ಟು ಜನರನ್ನ ನಿಲ್ಲಿಸಿರ್ತಾರೆ, ಅದರಲ್ಲಿ ವಯಸ್ಸಾದವರು ಇಬ್ಬರು, ಹುಡುಗೀರು ನಾಲ್ಕು ಜನ, ಹೆಲ್ಮೆಟ್ ಹಾಕ್ಕೊಂಡ ಕಾರ್ಮಿಕ ಒಬ್ಬ, ಎಲ್ಲಾ ಅಳೆದೂ ಸುರಿದೂ ಆರಿಸಿದ್ದು, ಎಲ್ಲರ ಕೈಗೂ ಒಂದೊಂದು ಬೋರ್ಡು. ಟೀವೀಲಿ ದೇಶವೆಲ್ಲಾ ಅವರ ಮುಖ ನೋಡುತ್ತೆ, ಪಾಪ ಅವರಿಗೆ ಮಾತ್ರ ಇಡೀ ಪ್ರೋಗ್ರಾಮು ಹಾಡೋನ ಬೆನ್ನೇ ಗತಿ. ನಮಗಾದ್ರೂ ಏನು ಕಾಣುತ್ತೆ ಅಂತೀರಿ, ಮುಂದಿನೋನು ಎತ್ತಿ ಹಿಡಿದ ಬೋರ್ಡಿನ ಹಿಂಭಾಗ.

ಬ್ಯಾಂಡು ಗೀಂಡು ಏನೂ ಇರಲ್ಲ, ಬಹುಪಾಲು ಒಂದು ಗಿಟಾರು, ಕುತ್ತಿಗೆಗೆ ಸಿಗಿಸಿದ ಮೌತ್ ಆರ್ಗನ್ನು, ಅಷ್ಟೇ. ಮೈಕ್ ಸೆಟ್ಟು ಭಾಷಣಕ್ಕೆ ಅಂತ ಕೂರಿಸಿದ್ದು, ಹಾಗಾಗಿ ಗಿಟಾರಿನ ದಪ್ಪ ತಂತಿಗಳು ಎಲ್ಲೋ ಡಬ್ಬದೊಳಗೆ ಬಡಿದಂಗೆ ಕೇಳುತ್ತೆ. ಆದ್ರೂ ಅಷ್ಟು ದೊಡ್ಡ ಬಯಲಲ್ಲಿ ಒಬ್ಬನೇ ನಿಂತು ತಂತಿ ಬಿಗಿ ಮಾಡ್ಕೊಳ್ತಾ ಇದ್ರೆ ಜನ ಉಸಿರು ಬಿಗಿಹಿಡಿದು ಕಾಯ್ತಾರೆ, ಯಾವ ಲೀಡರಿಗೂ ಆ ಮರ್ಯಾದೆ ಸಿಗಲ್ಲ. ಲೀಡರು ಪಕ್ಕದಲ್ಲಿ ನಿಂತು ತಾಳ ತಪ್ಪಿ ಚಪ್ಪಾಳೆ ಹೊಡೀತಿರ್ತಾರೆ. 1996ರ ಎಲೆಕ್ಷನ್ನಲ್ಲಿ ರಷ್ಯಾದ ಅಧ್ಯಕ್ಷ ಯೆಲ್ಟ್ಸಿನ್ ಚಪ್ಪಾಳೆಗೇ ಬಿಡಲಿಲ್ಲ, ರೊಸ್ತೋವ್‌ನಲ್ಲಿ ಸ್ಟೇಜ್ ಮೇಲೆ ಕುಣಿದೇ ಬಿಟ್ರು, ಆಗ ಅವರಿಗೆ 65 ವರ್ಷ, ಆ ಎಲೆಕ್ಷನ್ ಗೆದ್ರು ಕೂಡಾ. ಕುಣಿದಿದ್ದಕ್ಕೇ ಗೆದ್ರು ಅಂತ ನಾನೇನೂ ಹೇಳಲ್ಲ.

ಅಮೆರಿಕದಲ್ಲಿ ಇದಕ್ಕೆ ಒಂದು ಚಂದದ ಕಾನೂನಿದೆ. ಹಾಡೋನು ಕ್ಯಾಂಡಿಡೇಟಿಗೆ ನೇರವಾಗಿ ಚೆಕ್ ಬರೆದುಕೊಟ್ರೆ ಇಷ್ಟಕ್ಕಿಂತ ಜಾಸ್ತಿ ಕೊಡಂಗಿಲ್ಲ ಅಂತ ಮಿತಿ, ಅದೇ ಸಂಬಳ ತಗೊಳ್ದೆ ತನ್ನಿಷ್ಟಕ್ಕೆ ಗಿಟಾರ್ ಎತ್ಕೊಂಡು ಬಂದು ಹಾಡಿದ್ರೆ ಅದು ದೇಣಿಗೆ ಅಂತ ಲೆಕ್ಕಕ್ಕೇ ಬರಲ್ಲ.

ಹಾಡಿಗೆ ಲೆಕ್ಕ ಇಲ್ಲ, ಕೇಳೋಕೆ ಬಂದ ತಲೆಗಳಿಗೆ ಮಾತ್ರ ಲೆಕ್ಕ ಇದೆ. 2004ರಲ್ಲಿ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ಅಧ್ಯಕ್ಷ ಹುದ್ದೆಗೆ ನಿಂತಿದ್ದ ಜಾನ್ ಕೆರಿಗೋಸ್ಕರ ರಾಕ್ ಸ್ಟಾರ್ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಹಾಡಿದಾಗ ಸುಮಾರು 80 ಸಾವಿರ ಜನ ಅಂದ್ರು. ಕೆರಿ ಆ ರಾಜ್ಯ ಗೆದ್ದಿದ್ದು ಸುಮಾರು 11 ಸಾವಿರ ಓಟಲ್ಲಿ, ದೇಶ ಮಾತ್ರ ಸೋತ್ರು. 2016ರಲ್ಲಿ ಎಲೆಕ್ಷನ್ ಹಿಂದಿನ ರಾತ್ರಿ ಫಿಲಡೆಲ್ಫಿಯಾದಲ್ಲಿ ಹಿಲರಿ ಕ್ಲಿಂಟನ್‌ಗೆ ಅದೇ ಸ್ಪ್ರಿಂಗ್‌ಸ್ಟೀನ್, ಜೊತೆಗೆ ಇನ್ನೊಬ್ಬ ರಾಕ್ ಸ್ಟಾರ್ ಬಾನ್ ಜೋವಿ ಬೇರೆ, ಬಯಲು ತುಂಬಾ ಜನ, ಮಾರನೇ ದಿನ ಆ ಊರಿರೋ ಪೆನ್ಸಿಲ್ವೇನಿಯಾ ರಾಜ್ಯ ಸುಮಾರು 44 ಸಾವಿರ ಓಟಲ್ಲಿ ಕೈಬಿಟ್ಟೋಯ್ತು. ಬಂದೋರಲ್ಲಿ ನನ್ನಂಥೋರು ಎಷ್ಟು ಜನ ಇದ್ರೋ ಯಾರಿಗೆ ಗೊತ್ತು. ಹಾಡಿಗೆ ಹೊಡೆದ ಚಪ್ಪಾಳೆ ಪಾರ್ಟಿಗೆ ಹೊಡೆದಿದ್ದಲ್ಲ ಅಂತ ಫೋಟೋದಲ್ಲಿ ಗೊತ್ತಾಗಲ್ವಲ್ಲ!

ಹಾಡೋರಿಗೂ ಇದೇ ಪಾಡು. 1984ರಲ್ಲಿ ಆಗಿನ ಅಮೆರಿಕ ಅಧ್ಯಕ್ಷ ರೇಗನ್ ನ್ಯೂಜೆರ್ಸಿಯ ಹ್ಯಾಮಂಟನ್‌ನಲ್ಲಿ ಭಾಷಣ ಮಾಡ್ತಾ ಇದೇ ಸ್ಪ್ರಿಂಗ್‌ಸ್ಟೀನ್ ಹಾಡಲ್ಲಿ ಭರವಸೆ ಇದೆ ಅಂತ ಹೊಗಳಿದ್ರು, ಆತ ರ‍್ಯಾಲಿಗೆ ಬಂದೂ ಇರಲಿಲ್ಲ, ಬೆಂಬಲ ಕೊಟ್ಟೂ ಇರಲಿಲ್ಲ. ಜಮೈಕಾದ ರೆಗೇ ಹಾಡುಗಾರ ಬಾಬ್ ಮಾರ್ಲಿ ಕಥೆ ಇನ್ನೂ ಘೋರ. 1976ರ ಡಿಸೆಂಬರಲ್ಲಿ ಅಲ್ಲಿನ ರಾಜಧಾನಿ ಕಿಂಗ್‌ಸ್ಟನ್‌ನಲ್ಲಿ ಜನರಿಗೆ ಫ್ರೀಯಾಗಿ ಒಂದು ಕಾರ್ಯಕ್ರಮ ಕೊಡೋಣ, ರಾಜಕೀಯ ಬೇಡ ಅಂತ ಒಪ್ಕೊಂಡಿದ್ದು, ಅಷ್ಟರಲ್ಲಿ ಪ್ರಧಾನಿ ಮ್ಯಾನ್ಲಿ ಎಲೆಕ್ಷನ್ನನ್ನ ಅದೇ ತಿಂಗಳು 15ಕ್ಕೆ ಇಟ್ಟುಬಿಟ್ರು, ಇನ್ನೇನು, ನೋಡೋರಿಗೆ ಅದು ಆಳೋ ಪಾರ್ಟಿ ಪ್ರೋಗ್ರಾಮೇ ಆಯ್ತು. ಡಿಸೆಂಬರ್ 3ಕ್ಕೆ ಮನೆಗೇ ನುಗ್ಗಿ ಗುಂಡು ಹಾರಿಸಿದ್ರು, ಮಾರ್ಲಿ ಎದೆ ಸವರಿಕೊಂಡು ತೋಳಿಗೆ ಗುಂಡು ಬಿತ್ತು, ಹೆಂಡತಿ ರೀಟಾ ತಲೆಗೂ ಪೆಟ್ಟು. ಎರಡೇ ದಿನಕ್ಕೆ ಸ್ಟೇಜ್ ಹತ್ತಿದ್ರು. ಒಂದೇ ಒಂದು ಹಾಡು ಹಾಡಿ ಇಳಿದುಬಿಡ್ತೀನಿ ಅಂದಿದ್ದೋರು ಸುಮಾರು ಒಂದೂವರೆ ಗಂಟೆ ಇಳೀಲೇ ಇಲ್ಲ.

ಅದನ್ನ ನೆನೆಸ್ಕೊಂಡ್ರೆ ಮೂರು ಗಂಟೆ ನಿಂತು ನಾಲ್ಕು ಹಾಡು ಸಿಕ್ತು ಅಂತ ಗೊಣಗೋಕೂ ಬಾಯಿ ಬರಲ್ಲ. ಹಾಡು ಮುಗಿದ ತಕ್ಷಣ ಎದ್ದು ಬರೋಣ ಅಂದ್ರೆ ಅದಕ್ಕೂ ಇವರು ಉಪಾಯ ಮಾಡಿರ್ತಾರೆ, ಕೊನೇ ಹಾಡು ಮುಗಿಸಿ ಗಿಟಾರ್ ಇಳಿಸ್ದೇನೇ ಹಾಡೋನೇ ಲೀಡರನ್ನ ಸ್ಟೇಜಿಗೆ ಕರೀತಾನೆ, ಪಕ್ಕದಲ್ಲೇ ನಿಂತಿರ್ತಾನೆ, ಇನ್ನೊಂದು ಹಾಡಿದ್ರೂ ಹಾಡಬಹುದು ಅಂತ ಆಸೆ ಬೇರೆ, ಅಷ್ಟರಲ್ಲಿ ಭಾಷಣ ಶುರುವಾಗಿ ಆರೋಗ್ಯ ವಿಮೆವರೆಗೂ ಬಂದಿರುತ್ತೆ.